ಫೈಲ್ ಪಾಠಕ್ಕೆ ಅಂಕಪಟ್ಟಿ ಬೇಡ, ಚಿತ್ರ ಇರಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಲ್ಯಾಬುಗಳಲ್ಲಿ ಫೈಲಿಗೆ ಬರೆಯುವುದನ್ನು ಕಲಿಸುವಾಗ ಸಾಮಾನ್ಯವಾಗಿ ಹೆಸರು, ರೋಲ್ ನಂಬರ್, ಅಂಕಗಳನ್ನೇ ಬರೆಸುತ್ತಾರೆ. ಅಕ್ಷರಗಳಾಗಿ ಓದಬಲ್ಲ ಟೆಕ್ಸ್ಟ್ ಫೈಲಿಗೂ ನೇರವಾಗಿ ಬೈಟ್‌ಗಳನ್ನು ಇಡುವ ಬೈನರಿ ಫೈಲಿಗೂ ಇರುವ ವ್ಯತ್ಯಾಸ ಹೀಗೆ ಬಾಯಿಪಾಠವಾಗುತ್ತದೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಬದಲಿಗೆ ಒಂದು ಪಿಪಿಎಂ ಚಿತ್ರ (ಪ್ರತಿ ಪಿಕ್ಸೆಲ್‌ನ, ಅಂದರೆ ಚುಕ್ಕೆಯ, ಬಣ್ಣವನ್ನು ಅಂಕಿಗಳಲ್ಲಿ ಇಡುವ ಸರಳ ಚಿತ್ರ ಫೈಲ್) ಬರೆಸಿದರೆ ತಪ್ಪುಗಳು ತಾವಾಗಿಯೇ ಬಣ್ಣ ಬಯಲು ಮಾಡುತ್ತವೆ.

ಇದಕ್ಕೆ ಯಾವ ಲೈಬ್ರರಿಯೂ ಬೇಡ. ಇದೇ ಬಳಗದ, ಕಪ್ಪು-ಬಿಳುಪು ಚಿತ್ರಗಳ ಪಿಬಿಎಂ ಅನ್ನು ಜೆಫ್ ಪೊಸ್ಕಾಂಜರ್ 1980ರ ದಶಕದಲ್ಲಿ ರೂಪಿಸಿದ್ದೇ ಚಿತ್ರವನ್ನು ಬರೀ ಅಕ್ಷರಗಳಾಗಿ ಇಮೇಲ್‌ನಲ್ಲಿ ಕಳಿಸಲು. ಮೊದಲ ಸಾಲಿನಲ್ಲಿ ಪಿ3 (ಇಂಗ್ಲಿಷಿನ ದೊಡ್ಡಕ್ಷರ), ಎರಡನೆಯದರಲ್ಲಿ ಅಗಲ ಮತ್ತು ಎತ್ತರ, ಮೂರನೆಯದರಲ್ಲಿ ಬಣ್ಣದ ಗರಿಷ್ಠ ಬೆಲೆ 255. ಆಮೇಲೆ ಮೇಲಿನ ಎಡಮೂಲೆಯಿಂದ ಸಾಲುಸಾಲಾಗಿ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಅಂಕಿಗಳು. 3 ಪಿಕ್ಸೆಲ್ ಅಗಲ, 2 ಪಿಕ್ಸೆಲ್ ಎತ್ತರದ ಚಿತ್ರಕ್ಕೆ ಬೇಕಾದ ಅಂಕಿಗಳು 18. ನೋಟ್‌ಪ್ಯಾಡಿನಲ್ಲೇ ಟೈಪ್ ಮಾಡಬಹುದು.

ನಿಜವಾದ ಪಾಠ ಇರುವುದು ಪಿಪಿಎಂನ ಬೈನರಿ ರೂಪವಾದ ಪಿ6ರಲ್ಲಿ. ಪಿ3 ಬದಲು ಪಿ6 ಎಂಬುದನ್ನು ಬಿಟ್ಟರೆ ಹೆಡರ್ (ಮೊದಲ ಮೂರು ಸಾಲು) ಅದೇ, ಆದರೆ ಬಣ್ಣದ ಅಂಕಿಗಳು ಒಂದೊಂದು ಬೈಟ್ ಆಗಿ ಇಳಿಯುತ್ತವೆ. 640×480ರ ಚಿತ್ರಕ್ಕೆ ಹೆಡರ್ 15 ಬೈಟ್, ಪಿಕ್ಸೆಲ್‌ಗಳು 9,21,600 ಬೈಟ್. ಫೈಲಿನ ಗಾತ್ರ 9,21,615 ಇಲ್ಲದಿದ್ದರೆ ತೆರೆದು ನೋಡುವ ಮೊದಲೇ ಎಡವಟ್ಟಾಗಿದೆ ಎಂದರ್ಥ. ಸಿ ಭಾಷೆಯಲ್ಲಿ ಫೈಲ್ ತೆರೆಯುವಾಗ 'ಡಬ್ಲ್ಯೂ' (ಬರೆಯಲು) ಜೊತೆ 'ಬಿ' (ಬೈನರಿ) ಹಾಕಲು ಮರೆತರೆ ಲಿನಕ್ಸ್‌ನಲ್ಲಿ ಏನೂ ಆಗುವುದಿಲ್ಲ. ವಿಂಡೋಸ್ ಮಾತ್ರ ಬೆಲೆ 10 ಇರುವ ಪ್ರತಿ ಬೈಟನ್ನೂ ಸಾಲಿನ ಕೊನೆ ಎಂದುಕೊಂಡು ಅದಕ್ಕೆ ಮೊದಲು 13 ಅನ್ನು ಸೇರಿಸುತ್ತದೆ. ಹೆಡರ್ ಮುಗಿದ ಮೇಲೆ ಇರಬೇಕಾದದ್ದು ಒಂದೇ ಒಂದು ಖಾಲಿ ಅಕ್ಷರ (ಇಲ್ಲಿ ಸಾಲಿನ ಕೊನೆಯ 10). ಅಲ್ಲಿ 13, 10 ಎಂದು ಎರಡಾದರೆ ಎರಡನೆಯದು ಮೊದಲ ಪಿಕ್ಸೆಲ್‌ನ ಕೆಂಪಾಗಿಬಿಡುತ್ತದೆ. ಆಮೇಲೆ ಕೆಂಪೆಲ್ಲ ಹಸಿರು, ಹಸಿರೆಲ್ಲ ನೀಲಿ, ನೀಲಿಯೆಲ್ಲ ಕೆಂಪು! ಚಿತ್ರದೊಳಗೂ 10 ಇದ್ದರೆ ಅಲ್ಲಿಂದ ಮುಂದೆ ಮತ್ತೆ ಜರುಗುತ್ತದೆ.

ಪಿಕ್ಸೆಲ್ ಬರೆಯುವ ಲೂಪ್‌ಗಳ (ಮರುಕಳಿಸುವ ಆದೇಶಗಳ) ಕ್ರಮವೂ ಹಾಗೆಯೇ: ಹೊರಗೆ ಸಾಲು, ಒಳಗೆ ಕಂಬಸಾಲು. ಇದು ತಿರುವುಮುರುವಾದರೆ ಚೌಕ ಚಿತ್ರ ಮಗುಚಿದಂತೆ ಕಂಡು ಹೇಗೋ ಪಾರಾಗುತ್ತದೆ. ಆಯತವಾದರೆ ಚೂರುಚೂರಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಅಭ್ಯಾಸಕ್ಕೆ ಚೌಕ ಕೊಡಲೇಬಾರದು. ಲೆಕ್ಕದಲ್ಲಿ ಬಣ್ಣದ ಬೆಲೆ ಒಂದು ಬೈಟಿನ ಮಿತಿಯಾದ 255 ಮೀರಿ 256 ಆದರೆ ಪೈಥಾನ್ ಭಾಷೆಯ ಬೈಟ್ಸ್ ತಕರಾರು ತೆಗೆದು ನಿಲ್ಲುತ್ತದೆ. ಸಿ ಸದ್ದಿಲ್ಲದೆ ಅದನ್ನು 0 ಮಾಡುತ್ತದೆ, ಅಪ್ಪಟ ಬಿಳಿಯ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ.

ವಿಂಡೋಸ್‌ನ ಪರಿಚಿತ ಚಿತ್ರ ಫೈಲ್ ಆದ ಬಿಎಂಪಿಯಿಂದಲೇ ಶುರುಮಾಡಬಹುದಲ್ಲ ಎನ್ನುವವರಿದ್ದಾರೆ. ಅದರಲ್ಲಿ 54 ಬೈಟ್‌ಗಳ ಹೆಡರ್, ಕೆಳಗಿನಿಂದ ಮೇಲಕ್ಕೆ ಸಾಲುಗಳು, ನೀಲಿ ಮೊದಲು. ಸಾಲದ್ದಕ್ಕೆ ಪ್ರತಿ ಸಾಲನ್ನೂ 4ರ ಗುಣಕಕ್ಕೆ ತುಂಬಿಸಬೇಕು. 101 ಪಿಕ್ಸೆಲ್ ಅಗಲಕ್ಕೆ 303 ಬೈಟ್ ಬರೆದರೆ ಸಾಲದು, 304 ಬೇಕು. ಪಿಪಿಎಂ ಕೈಗೆ ಹತ್ತಿದ ಮೇಲೆ ಅದು ಒಳ್ಳೆಯ ಎರಡನೇ ಅಭ್ಯಾಸ.

ಬ್ರೌಸರ್‌ಗಳು ಪಿಪಿಎಂ ತೋರಿಸುವುದಿಲ್ಲ. ಉಚಿತವಾಗಿ ಸಿಗುವ ಚಿತ್ರ ತಂತ್ರಾಂಶ ಗಿಂಪ್ ತೋರಿಸುತ್ತದೆ. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಅದನ್ನು ಬ್ರೌಸರ್‌ಗಳು ತೋರಿಸುವ ಪಿಎನ್‌ಜಿ ಮಾಡಿಕೊಡುತ್ತದೆ. ಪಠ್ಯಕ್ರಮ ರೂಪಿಸುವವರು ಲ್ಯಾಬ್ ಕೈಪಿಡಿಯಲ್ಲಿ ಈ ಒಂದು ಅಭ್ಯಾಸಕ್ಕೂ, ಲ್ಯಾಬ್ ಯಂತ್ರಗಳಲ್ಲಿ ಗಿಂಪ್‌ಗೂ ಜಾಗ ಕೊಡಲಿ.

— ಕಂಪ್ಯೂಟರ್ ವಿಜ್ಞಾನ ಬೋಧಕ, ಶಿವಮೊಗ್ಗ