ದಮ್ಮು ಇದ್ದವರ ಓಟ ಬಿಡಿಸಬೇಡಿ, ಪಂಪು ಹಿಡಿಯುವುದನ್ನು ಕಲಿಸಿ

ಮಾನ್ಯ ಸಂಪಾದಕರಿಗೆ,

ಥಂಡಿ ಶುರುವಾಗಿದೆ. ವಿಜಯಪುರ, ಬಾಗಲಕೋಟೆಯಿಂದ ಹಿಡಿದು ಬೆಳಗಾವಿ ಜಿಲ್ಲೆಯ ಚಂದರಗಿವರೆಗೆ ಸೈಕಲ್ ಹುಡುಗ ಹುಡುಗಿಯರು ನಸುಕಿನಲ್ಲೇ ಹೆದ್ದಾರಿಗೆ ಇಳಿಯುವ ಕಾಲವಿದು. ಊರೂರಿನಲ್ಲಿ ಓಟದ ಸ್ಪರ್ಧೆಗಳೂ ಈಗಲೇ. ಮೈದಾನದ ಬದಿಯಲ್ಲಿ ಒಂದು ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತದೆ: ‘ಅವಂಗ ದಮ್ಮ ಐತ್ರಿ ಸರ್, ಓಡಸಬ್ಯಾಡ್ರಿ.’ ದಮ್ಮು ಎಂದರೆ ಅಸ್ತಮಾ. ಹುಡುಗ ಅಂದಿನಿಂದ ಸ್ಕೋರ್ ಬರೆಯಲು ಕೂರುತ್ತಾನೆ. ಅವನಿಗೆ ಬೇಕಿದ್ದದ್ದು ವಿಶ್ರಾಂತಿಯಲ್ಲ. ಸರಿಯಾದ ಔಷಧಿ, ಅದನ್ನು ಪಂಪಿನಿಂದ (ಇನ್‌ಹೇಲರ್) ಎಳೆದುಕೊಳ್ಳುವ ಸರಿಯಾದ ಕ್ರಮ, ಹದಿನೈದಿಪ್ಪತ್ತು ನಿಮಿಷದ ವಾರ್ಮ್‌ಅಪ್ ಇಷ್ಟಿದ್ದರೆ ಸಾಕಿತ್ತು. ಹದಿನಾಲ್ಕನೇ ವಯಸ್ಸಿಗೇ ಅಸ್ತಮಾ ಪತ್ತೆಯಾಗಿದ್ದ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು. ಆ ವಿಶ್ವದಾಖಲೆ ಮುರಿಯಲು 16 ವರ್ಷ ಬೇಕಾಯಿತು.

ಓಡಿದರೆ ದಮ್ಮು ಏಕೆ ಏಳುತ್ತದೆ? ಸುಮ್ಮನೆ ಕೂತವರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆಯುತ್ತಾರೆ. ಜೋರಾಗಿ ಪೆಡಲ್ ತುಳಿಯುವಾಗ ಅದು 100 ಲೀಟರ್ ದಾಟುತ್ತದೆ. ಅಷ್ಟು ಗಾಳಿಯನ್ನು ಬೆಚ್ಚಗೆ, ಹಸಿಯಾಗಿ ಮಾಡಿ ಒಳಗೆ ಬಿಡುವುದು ಮೂಗಿನ ಕೈಲಾಗದ ಕೆಲಸ. ಬಾಯಿ ತೆರೆದುಕೊಳ್ಳುತ್ತದೆ, ಒಣ ಥಂಡಿ ಗಾಳಿ ನೇರ ಶ್ವಾಸನಾಳಕ್ಕೆ ಹೋಗಿ ಅಲ್ಲಿನ ಪಸೆ ಹೀರುತ್ತದೆ. ಒಳಪದರದಲ್ಲಿ ಉಪ್ಪಿನಂಶ ಗಟ್ಟಿಯಾಗಿ, ಅಲ್ಲಿನ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಈ ಬಿಗಿತ ಹೆಚ್ಚಾಗಿ ತುತ್ತತುದಿಗೆ ಹೋಗುವುದು ಓಟದ ನಡುವೆ ಅಲ್ಲ, ಓಟ ನಿಲ್ಲಿಸಿದ 5ರಿಂದ 15 ನಿಮಿಷದೊಳಗೆ. ಗುರಿ ಮುಟ್ಟಿ ಬೂಟಿನ ದಾರ ಬಿಚ್ಚುವಾಗ ಕೆಮ್ಮು ಹತ್ತಿದರೆ, ಎದೆಯಲ್ಲಿ ಸುಂಯ್ ಸುಂಯ್ ಎಂದರೆ ಅನುಮಾನ ಪಡಬೇಕು. ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಾನಾಗಿಯೇ ಇಳಿಯುವುದರಿಂದ ಡಾಕ್ಟರ ಬಳಿ ಯಾರೂ ಹೋಗುವುದಿಲ್ಲ. ‘ಸ್ಟ್ಯಾಮಿನಾ ಸಾಲದು’ ಎಂದು ತರಬೇತುದಾರರು ಇನ್ನೆರಡು ಸುತ್ತು ಹೆಚ್ಚಿಗೆ ಓಡಿಸುತ್ತಾರೆ.

ನಮ್ಮ ಕಡೆಯ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಸುಕಿನ ಗಾಳಿ ತಣ್ಣಗೆ, ಒಣ. ಹೊಲದಲ್ಲಿ ತೊಗರಿ ರಾಶಿಯ ಹೊಟ್ಟು, ಕಬ್ಬು ಕಡಿದ ಮೇಲೆ ರವದಿಗೆ ಇಟ್ಟ ಬೆಂಕಿ, ಕಾರ್ಖಾನೆಗೆ ಸಾಲುಗಟ್ಟಿದ ಟ್ರ್ಯಾಕ್ಟರುಗಳ ಹೊಗೆ. ಥಂಡಿ ರಾತ್ರಿಯಲ್ಲಿ ಹೊಗೆ ಮೇಲೇರದೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಬಿಸಿಲು ಏರಿದ ಮೇಲೆಯೇ ಚದುರುವುದು. ಹಾಗಾಗಿ ದಮ್ಮು ಇರುವ ಹುಡುಗನ ಜೋರಿನ ತಾಲೀಮನ್ನು ಐದು ಗಂಟೆಯಿಂದ ಎಂಟಕ್ಕೆ ಸರಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು. ಮೂಗು ಬಾಯಿಗೆ ಸುತ್ತಿದ ತೆಳು ಬಟ್ಟೆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಆ ಮಟ್ಟಿಗೆ ಒಳ್ಳೆಯದು. ಹೊಗೆಯ ಸೂಕ್ಷ್ಮ ಕಣವನ್ನು ಮಾತ್ರ ಅದು ತಡೆಯದು. ಬೆಳಗಾವಿಯವರ ಪಾಡು ಬೇರೆ. ಅಲ್ಲಿ ಮಳೆಗಾಲದ ಬೂಸಲು ಹಿಡಿದ ಗೋಡೆ, ಹಾಸಿಗೆಗಳು ಕಾಡುತ್ತವೆ. ಕಾಂಗ್ರೆಸ್ ಹುಲ್ಲಿನ ಪರಾಗವಂತೂ ಮೂರೂ ಜಿಲ್ಲೆಗಳ ಪಾಲಿಗಿದೆ.

ಏದುಸಿರೆಲ್ಲ ದಮ್ಮಲ್ಲ ಎಂಬುದನ್ನೂ ಹೇಳಬೇಕು. ಉಸಿರು ಒಳಗೆ ಎಳೆಯುವಾಗ ಗಂಟಲಲ್ಲಿ ಕೀರಲು ಸದ್ದು ಬಂದು, ನಿಂತ ಕೆಲವೇ ನಿಮಿಷಕ್ಕೆ ಇಳಿದರೆ, ಪಂಪು ಎಳೆದರೂ ಏನೂ ವ್ಯತ್ಯಾಸ ಕಾಣದಿದ್ದರೆ, ಅದು ಧ್ವನಿಪೆಟ್ಟಿಗೆಯ ಬಳಿ ದಾರಿ ಕಿರಿದಾಗುವ ಬೇರೆಯದೇ ತೊಂದರೆ. ಅದಕ್ಕೆ ಉಸಿರಾಟದ ತರಬೇತಿ ಬೇಕು, ಔಷಧಿಯಲ್ಲ. ಹುಡುಗಿಯರಲ್ಲಿ ಬರೀ ರಕ್ತಹೀನತೆಯೂ ಇರಬಹುದು, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಖಚಿತವಾಗಲು ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸಬೇಕು. ಕೂತು ಊದಿದಾಗ ಎಲ್ಲ ಸರಿಯಿದೆ ಎಂದು ಬಂದರೂ ಬಿಡಬಾರದು. 6ರಿಂದ 8 ನಿಮಿಷ ಜೋರಾಗಿ ಓಡಿಸಿ 5, 10, 15, 30ನೇ ನಿಮಿಷಕ್ಕೆ ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಉತ್ತರ ಸಿಕ್ಕಂತೆ.

ಇನ್ನು ಔಷಧಿ. ‘ಪಂಪ ಹಚ್ಚಿದ್ರ ಬಿಡಂಗಿಲ್ಲ, ಚಟ ಆಗತೈತಿ’ ಎಂಬ ಹೆದರಿಕೆ ಹಳ್ಳಿ ಪೇಟೆ ಎನ್ನದೆ ಎಲ್ಲ ಕಡೆ ಇದೆ. ಮೃಗಶಿರಾ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಲು ಅಂಜದವರು ಇಷ್ಟು ಚಿಕ್ಕ ಪಂಪಿಗೆ ಅಂಜುತ್ತಾರೆ. ಪಂಪಿನಲ್ಲಿ ಎರಡು ಬಗೆ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ. ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಒಳಗಿನ ಬಾವು ಇಳಿಸುತ್ತದೆ, ಇದರ ಗುಣ ಕಾಣಲು ದಿನಗಳು, ವಾರಗಳು ಹಿಡಿಯುತ್ತವೆ. ಸ್ಟಿರಾಯ್ಡ್ ಎಂದ ಕೂಡಲೇ ಮುಖ ತಿರುಗಿಸುವವರು ಈ ಲೆಕ್ಕ ನೋಡಲಿ. ದಿನಕ್ಕೆ 200 ಮೈಕ್ರೋಗ್ರಾಂ ಎಂದರೆ 0.2 ಮಿಲಿಗ್ರಾಂ. ಪಂಪು ಬಿಟ್ಟು, ದಮ್ಮು ಉಲ್ಬಣಿಸಿ, ದಿನಕ್ಕೆ 40 ಮಿಲಿಗ್ರಾಂನಂತೆ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ ನುಂಗಿದರೆ ಒಟ್ಟು 200 ಮಿಲಿಗ್ರಾಂ. ಎರಡೂ ಒಂದೇ ಔಷಧಿಯಲ್ಲ ನಿಜ. ಆದರೂ ತೂಕದ ಲೆಕ್ಕದಲ್ಲಿ ಐದು ದಿನದ ಗುಳಿಗೆ ಸಾವಿರ ದಿನದ ಪಂಪಿಗೆ ಸಮ, ಗುಳಿಗೆ ಇಡೀ ಮೈಗೆ ಹೋಗುವುದು ಬೇರೆ.

ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡಿರುವುದು ಕ್ರೀಡಾಪಟುಗಳು ಮಾಡುವ ದೊಡ್ಡ ತಪ್ಪು. ಓಟಕ್ಕೆ 15 ನಿಮಿಷ ಮುಂಚೆ 2 ಪಫ್ (ಎರಡು ಸಲ ಒತ್ತಿದಷ್ಟು), ಅಂದರೆ 200 ಮೈಕ್ರೋಗ್ರಾಂ, ಎರಡರಿಂದ ನಾಲ್ಕು ಗಂಟೆ ದಮ್ಮು ಏಳದಂತೆ ಕಾಯುತ್ತದೆ. ದಿನಾ ಹೀಗೇ ಮಾಡುತ್ತ ಹೋದರೆ ಆ ಕಾವಲು ಸಡಿಲವಾಗುತ್ತದೆ, ಒಳಗಿನ ಬಾವು ಹಾಗೇ ಉಳಿಯುತ್ತದೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ ‘ಗೀನಾ’ 2019ರಿಂದಲೇ ಸ್ಟಿರಾಯ್ಡ್ ಇಲ್ಲದೆ ಸಾಲ್ಬುಟಮಾಲ್ ಒಂದನ್ನೇ ಬಳಸಬೇಡಿ ಎನ್ನುತ್ತಿದೆ. ಬುಡೆಸೊನೈಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಪಂಪನ್ನು ವೈದ್ಯರು ಬರೆದುಕೊಟ್ಟಿದ್ದರೆ ಓಟಕ್ಕೆ ಮುಂಚೆಯೂ ಅದನ್ನೇ ಎಳೆಯಬಹುದು. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ದಮ್ಮು ಏಳುತ್ತಿದ್ದರೆ, ಅಥವಾ ರಾತ್ರಿ ಕೆಮ್ಮಿ ಎಚ್ಚರವಾಗುತ್ತಿದ್ದರೆ ಔಷಧಿ ಸಾಲುತ್ತಿಲ್ಲ ಎಂದರ್ಥ. ಅದನ್ನು ಬದಲಿಸುವುದು ವೈದ್ಯರ ಕೆಲಸ, ಮೆಡಿಕಲ್ ಅಂಗಡಿಯವರದ್ದಲ್ಲ.

ಔಷಧಿ ಸರಿಯಿದ್ದೂ ಕೆಲಸ ಮಾಡದಿರಲು ಮುಖ್ಯ ಕಾರಣ ಎಳೆಯುವ ಕ್ರಮ. ಪಂಪನ್ನು ಚೆನ್ನಾಗಿ ಅಲುಗಿಸಿ. ಹೊಸದಾಗಿದ್ದರೆ ಗಾಳಿಗೆ ಎರಡು ಮೂರು ಬಾರಿ ಒತ್ತಿ ಬಿಡಿ. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಎಳೆಯಲು ಶುರುಮಾಡುತ್ತಲೇ ಒತ್ತಿ. ನಾಲ್ಕೈದು ಸೆಕೆಂಡು ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಡಿ, ಮತ್ತೆ ಅಲುಗಿಸಿ. ಅವಸರದಲ್ಲಿ ಸೊರ್ರೆಂದು ಎಳೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ನಾಲಿಗೆಯ ಮೇಲೆ ರುಚಿ ಜೋರಾಗಿ ಹತ್ತಿದರೆ ಎದೆಗೆ ಕಡಿಮೆ ಹೋಗಿದೆ ಎಂದುಕೊಳ್ಳಿ. ಕ್ಯಾಪ್ಸೂಲಿನ ಪುಡಿ ಹಾಕುವ ರೋಟಾಹೇಲರಿನ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಜೋರಾಗಿ, ಆಳವಾಗಿಯೇ ಎಳೆಯಬೇಕು. ಅದರೊಳಗೆ ಉಸಿರು ಬಿಟ್ಟರೆ ಪುಡಿ ಹಸಿಯಾಗಿ ಮುದ್ದೆಗಟ್ಟುತ್ತದೆ. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ, ಆದ್ದರಿಂದ ಇದನ್ನೂ ಬರೆಯಬೇಕಾಯಿತು. ಸ್ಟಿರಾಯ್ಡ್ ಇರುವ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ಬಾಯಲ್ಲಿ ಬಿಳಿ ಪದರ ಕಟ್ಟಿ ಹುಣ್ಣಾಗುತ್ತದೆ.

ಪಂಪನ್ನು ಬಿಸಿಲಿಗೆ ನಿಂತ ಕಾರಿನಲ್ಲಿ, ಸೈಕಲ್ ಸೀಟಿನ ಕೆಳಗಿನ ಚೀಲದಲ್ಲಿ ಬಿಡಬಾರದು. ಡಬ್ಬಿ 30 ಡಿಗ್ರಿಗಿಂತ ಕೆಳಗಿರಬೇಕು, ನಮ್ಮ ಏಪ್ರಿಲ್ ಬಿಸಿಲು 40 ದಾಟುತ್ತದೆ. ಔಷಧಿ ಉಳಿದಿದೆಯೇ ಎಂದು ಡಬ್ಬಿಯನ್ನು ನೀರಲ್ಲಿ ತೇಲಿಬಿಟ್ಟು ನೋಡುವುದು ದಂಡ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಬುಸ್ಸೆನ್ನುತ್ತಲೇ ಇರುತ್ತದೆ. ಅಂಕಿ ತೋರಿಸುವ ಪಂಪು ಕೊಳ್ಳಿ, ಇಲ್ಲವೇ ಶುರುಮಾಡಿದ ತಾರೀಖನ್ನು ಮೇಲೆ ಬರೆದಿಟ್ಟು ಲೆಕ್ಕ ಹಾಕಿ.

ವಾರ್ಮ್‌ಅಪ್ ವಿಷಯ ತರಬೇತುದಾರರಿಗೆ ಸೇರಿದ್ದು. ಹತ್ತು ನಿಮಿಷ ಹಗುರವಾಗಿ ಓಡಿಸಿ, ಆಮೇಲೆ 30 ಸೆಕೆಂಡು ಜೋರು, 45 ಸೆಕೆಂಡು ನಿಧಾನ, ಹೀಗೆ ಆರರಿಂದ ಎಂಟು ಬಾರಿ ಮಾಡಿಸಿ. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಇದಾದ ಬಳಿಕ ಸುಮಾರು ಎರಡು ಗಂಟೆ ಶ್ವಾಸನಾಳ ಮತ್ತೆ ಅಷ್ಟು ಬಿಗಿಯುವುದಿಲ್ಲ. ಮುಗಿದ ಮೇಲೂ ಥಟ್ಟನೆ ನಿಲ್ಲಿಸದೆ ಹತ್ತು ನಿಮಿಷ ನಿಧಾನಕ್ಕೆ ಇಳಿಸಿ. ಪ್ರತಿ ಕ್ರೀಡಾ ವಸತಿ ನಿಲಯದಲ್ಲಿ ಪೀಕ್ ಫ್ಲೋ ಮೀಟರ್ (ಊದಿದ ಗಾಳಿಯ ವೇಗ ಅಳೆಯುವ ಚಿಕ್ಕ ಸಾಧನ) ಇರಲಿ, ಊದುವ ಕೊಳವೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಬೆಳಿಗ್ಗೆ ಸಂಜೆ ಮೂರು ಸಲ ಊದಿಸಿ, ಹೆಚ್ಚಿನ ಅಂಕಿಯನ್ನು ಬರೆಯಿರಿ. ಆರೋಗ್ಯವಾಗಿದ್ದಾಗ 400 ಬರುವ ಹುಡುಗಿ 320ಕ್ಕಿಂತ ಕೆಳಗಿಳಿದರೆ, ಅಂದರೆ ಶೇ 80ರ ಒಳಗೆ ಬಂದರೆ, ಆ ದಿನ ಜೋರಿನ ತಾಲೀಮು ಬೇಡ. 200ರ ಕೆಳಗೆ ಬಂದರೆ ಮೈದಾನವಲ್ಲ, ಆಸ್ಪತ್ರೆ. ನೆಗಡಿ ಎದೆಗಿಳಿದಾಗಲೂ ತಾಲೀಮು ನಿಲ್ಲಲಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ರೂಢಿ ಓಟಗಾರರಲ್ಲಿ ಬಹಳ. ಅಸ್ತಮಾ ಇರುವ ಕೆಲವರಿಗೆ ಇವೇ ದಮ್ಮು ಎಬ್ಬಿಸುತ್ತವೆ.

ಆಯ್ಕೆ ಟ್ರಯಲ್ಸ್‌ಗೆ ಹೋಗುವವರು ಮುಂದಿನದನ್ನು ಕತ್ತರಿಸಿ ಇಟ್ಟುಕೊಂಡರೂ ಸರಿ. ಎಳೆಯುವ ಸಾಲ್ಬುಟಮಾಲ್‌ಗೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಯಮದಲ್ಲಿ ಅವಕಾಶವಿದೆ: 24 ಗಂಟೆಗೆ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೆಯಲ್ಲಿ 600ರ ಒಳಗೆ, ಎಂದರೆ 6 ಪಫ್. ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಯಂತ್ರಕ್ಕೆ ಹಾಕುವ 2.5 ಮಿಲಿಗ್ರಾಂನ ಒಂದೇ ಡೋಸ್ 2500 ಮೈಕ್ರೋಗ್ರಾಂ ಆಗಿ ಮಿತಿ ಮೀರುತ್ತದೆ. ಸಾಲ್ಬುಟಮಾಲ್ ಗುಳಿಗೆ, ಸಿರಪ್ ಪೂರ್ತಿ ನಿಷಿದ್ಧ. ಅದೇ ಜಾತಿಯ ಔಷಧಿ ಟರ್ಬುಟಲಿನ್ ಯಾವ ರೂಪದಲ್ಲಿದ್ದರೂ ನಿಷಿದ್ಧ. ಮೆಡಿಕಲ್ ಅಂಗಡಿಯಲ್ಲಿ ‘ಕೆಮ್ಮಿಗೆ ಏನಾರ ಕೊಡ್ರಿ’ ಎಂದರೆ ಕೈಗೆ ಬರುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. ಬಾಟಲಿಯ ಹಿಂದಿನ ಚೀಟಿಯನ್ನು ಓದಿಯೇ ಕುಡಿಯಬೇಕು. ಸ್ಪರ್ಧೆಯ ದಿನಗಳಲ್ಲಿ ಪ್ರೆಡ್ನಿಸೊಲೋನ್ ಗುಳಿಗೆಯೂ ನಿಷಿದ್ಧ. ಜೀವ ಉಳಿಸಲು ಇವನ್ನು ಕೊಡಲೇಬೇಕಾಗಿ ಬಂದರೆ ಹಿಂಜರಿಯದೆ ಕೊಡಲಿ, ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ (ನಾಡಾ) ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬೇಕು.

ದಾರಿಯಲ್ಲಿ ದಮ್ಮು ಎದ್ದರೆ ಮಲಗಿಸಬೇಡಿ, ನೇರ ಕೂರಿಸಿ. ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿಯಾದ ಸ್ಪೇಸರಿಗೆ ಒಂದು ಪಫ್ ಒತ್ತಿ ನಾಲ್ಕು ಉಸಿರು ಎಳೆಸಿ. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಅದನ್ನೇ ಮುಂದುವರಿಸಿ. ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯದೆ ಮೊದಲೇ 108. ಸ್ಪೇಸರ್ ಇಲ್ಲವೇ? ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ತಳದಲ್ಲಿ ಪಂಪಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದು, ಸಂದಿಗೆ ಟೇಪು ಸುತ್ತಿ, ಬಾಟಲಿಯ ಬಾಯಿಂದ ಉಸಿರು ಎಳೆಸಬೇಕು. ಮೊದಲೇ ಮಾಡಿಟ್ಟುಕೊಳ್ಳುವುದಾದರೆ ಸೋಪಿನ ನೀರಲ್ಲಿ ತೊಳೆದು, ಒರೆಸದೆ ಗಾಳಿಗೆ ಒಣಗಿಸಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ.

ಸ್ಪರ್ಧೆ ಏರ್ಪಡಿಸುವವರಲ್ಲಿ ಕೇಳುವುದು ಹೆಚ್ಚೇನಿಲ್ಲ. ನೋಂದಣಿ ಅರ್ಜಿಯಲ್ಲಿ ‘ಅಸ್ತಮಾ ಇದೆಯೇ, ಯಾವ ಪಂಪು’ ಎಂಬ ಒಂದು ಸಾಲು ಸೇರಿಸಿ, ಎದೆಗೆ ಕಟ್ಟುವ ನಂಬರ್ ಚೀಟಿಯ ಹಿಂದೆ ಅದನ್ನೇ ಬರೆಸಿ. ಸೈಕಲ್ ರೇಸಿನ ಹಿಂದೆ ಬರುವ ಜೀಪಿನಲ್ಲಿ ಗ್ಲೂಕೋಸ್ ಪೊಟ್ಟಣ, ನೋವಿನ ಸ್ಪ್ರೇ ಹೇಗೂ ಇರುತ್ತವೆ. ಅವುಗಳ ಪಕ್ಕದಲ್ಲಿ ಒಂದು ಸಾಲ್ಬುಟಮಾಲ್ ಪಂಪು, ಒಂದು ಸ್ಪೇಸರ್ ಇಡಿ. ಅದನ್ನು ಬಳಸಲು ಬರುವ ಒಬ್ಬರು ಅದೇ ಜೀಪಿನಲ್ಲಿ ಕೂತಿರಲಿ.

– ಕ್ರೀಡಾ ವೈದ್ಯಕೀಯ ಆಸಕ್ತ ಓದುಗರು, ವಿಜಯಪುರ