ಹೋಲಿಕೆ ಸುಳ್ಳಲ್ಲ ಕಣಮ್ಮ

ಬಂಗಾರಪೇಟೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದಾಗಿನಿಂದ ಆ ಒಂದು ಮಾತು ಕೊರೆಯುತ್ತಲೇ ಇದೆ. ಬೆಳಕನ್ನೂ ಹೊರಗೆ ಬಿಡದಷ್ಟು ಸೆಳೆತವಿರುವ ಆಕಾಶದ ಕಪ್ಪುಕುಳಿ ಅಂದರೆ ಕೆರೆಯ ಸುಳಿ ಇದ್ದ ಹಾಗೆ ಅಂತ ಪಾಠದಲ್ಲಿ ಅಂದೆಯಂತೆ. ಒಬ್ಬ ಹುಡುಗ "ಭೂಮೀನೂ ಎಳ್ಕೊಳ್ಳುತ್ತಾ ಮಿಸ್?" ಎಂದು ಅಳುಮೋರೆ ಮಾಡಿದನಂತೆ. "ದೊಡ್ಡಪ್ಪಾ, ನಾನು ಮಕ್ಕಳಿಗೆ ಸುಳ್ಳು ಹೇಳಿಕೊಡ್ತಿದ್ದೀನಾ?" ಎಂದು ಕೇಳಿದ್ದೀಯ.

ಇಲ್ಲ ಕಣಮ್ಮ. ಸುಳಿಯ ಹೋಲಿಕೆ ಅರ್ಧ ದಾರಿಗೆ ಕೈಕೊಟ್ಟಿತು, ಅಷ್ಟೆ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇದ್ದರೂ ಭೂಮಿ ಈಗಿನ ಹಾದಿಯಲ್ಲೇ ಸುತ್ತುತ್ತದೆ. ದಾಟಿದರೆ ವಾಪಸು ಬರಲಾಗದ ಆ ಕುಳಿಯ ಅಂಚು ನಡುವಿನಿಂದ ಬರೀ 3 ಕಿ.ಮೀ. ದೂರ. ನಮ್ಮ ಸೂರ್ಯ ಹಾಗಾಗುವುದೂ ಇಲ್ಲ, ಅದಕ್ಕೆ ಅಷ್ಟು ತೂಕ ಸಾಲದು. ಮೊದಲು ಹುಡುಗನಿಗೆ ಇದನ್ನು ಹೇಳು.

ನಾನಾದರೆ ಕೋಡಿಯ ಹೋಲಿಕೆ ಕೊಡುತ್ತಿದ್ದೆ. ಕೆರೆ ನಡುವೆ ನೀರು ಸುಮ್ನಿರುತ್ತದೆ. ಕೋಡಿ ಹತ್ತಿರ ಬಂದಂತೆ ಸೆಳೆತ ಜಾಸ್ತಿ. ಹೋದ ಸಲ ಕೋಡಿ ಬಿದ್ದಾಗ ನೋಡಿದೆ, ಒಂದು ಮೀನು ನೀರಿಗೆ ಎದುರಾಗಿ ಬಾಲ ಬಡಿಯುತ್ತಾ ನಿಂತಲ್ಲೇ ನಿಂತಿತ್ತು. ಒಂದು ಗೇಣು ಹಿಂದೆ ಸರಿದಿದ್ದೇ ತಡ, ಕೊಚ್ಚಿಕೊಂಡು ಹೋಯಿತು. ಆ ಜಾಗದಲ್ಲಿ ಗೋಡೆ ಇಲ್ಲ, ಗೆರೆ ಇಲ್ಲ. ಮೀನಿನ ಬದಲು ಬೆಳಕು ಅಂದುಕೋ, ಕಪ್ಪುಕುಳಿಯ ಅಂಚು ಅಂಥದ್ದೇ. ಕೆನಡಾದ ವಿಜ್ಞಾನಿ ಅನ್ರೂ 1981ರಲ್ಲಿ ಇದನ್ನೇ ಲೆಕ್ಕಕ್ಕೆ ತಂದರು. ಶಬ್ದಕ್ಕಿಂತ ವೇಗವಾಗಿ ಹರಿಯುವ ದ್ರವದಲ್ಲಿ ಶಬ್ದ ಹಿಂದಕ್ಕೆ ಬರಲಾರದು. ಆಮೇಲೆ ಪ್ರಯೋಗಾಲಯಗಳಲ್ಲೂ ಮಾಡಿ ನೋಡಿದರು. ಬರೀ ಸುಳ್ಳಾಗಿದ್ದರೆ ಅಷ್ಟು ದೂರ ಹೋಗುತ್ತಿತ್ತಾ?

ಈ ಹೋಲಿಕೆಯೂ ಒಂದು ಕಡೆ ಮುರಿಯುತ್ತದೆ. ಬಲವಾದ ಮೀನು ಕೋಡಿಯಿಂದ ತಪ್ಪಿಸಿಕೊಂಡೀತು, ಬೆಳಕನ್ನು ಮೀರಿ ಓಡುವುದು ಯಾವುದೂ ಇಲ್ಲ. ಎಲ್ಲಿ ಮುರಿಯುತ್ತೆ ಅಂತ ಮಕ್ಕಳನ್ನೇ ಕೇಳಬಹುದೇನೋ. ಪಾಠ ಮಾಡುವವಳು ನೀನು, ನಿನಗೆ ತೋಚಿದಂತೆ ಮಾಡು.

ಸುಳ್ಳು ಅಂದೆಯಲ್ಲ, ನನಗೆ ಕೆ.ಜಿ.ಎಫ್. ಗಣಿ ನೆನಪಾಯಿತು. ನಾನು ಕೆಲಸಕ್ಕಿದ್ದಾಗ ಅಷ್ಟು ಆಳದಲ್ಲಿ ವಿಜ್ಞಾನಿಗಳು ಯಂತ್ರ ಇಟ್ಟುಕೊಂಡು ಕಾಯುತ್ತಿದ್ದರು. ಏನು ಹುಡುಕ್ತಿದ್ದೀರಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲೇ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿ ನೆಲವನ್ನೂ ತೂರಿ ಬರುವ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣ ಪತ್ತೆಯಾಗಿತ್ತು ಅಂತ ಗೊತ್ತಾಗಿದ್ದು 2001ರಲ್ಲಿ ಗಣಿ ಮುಚ್ಚಿದ ಮೇಲೆ, ಎಲ್ಲೋ ಓದಿ. ಆಗ ಯಾರಾದರೂ ಒಂದು ಅರೆಬರೆ ಹೋಲಿಕೆ ಕೊಟ್ಟಿದ್ದರೂ ಅದನ್ನೇ ಹಿಡಿದು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಆ ಸಂಕಟ ಇನ್ನೂ ಇದೆ. ನಿನ್ನ ಹುಡುಗ ಕೇಳಿದನಲ್ಲ, ನೀನು ಸುಳಿ ಅಂದಿದ್ದಕ್ಕೇ ಕೇಳಿದ.

ಮಳೆ ಚೆನ್ನಾಗಿ ಆದರೆ ಮಕ್ಕಳಿಗೆ ಕೋಡಿ ತೋರಿಸು. ಏರಿ ಮೇಲಿಂದಲೇ ತೋರಿಸು, ಕೆಳಗಿನ ಕಲ್ಲಿನ ಮೇಲೆ ಪಾಚಿ ಜಾರುತ್ತೆ.

ನಿನ್ನ ದೊಡ್ಡಪ್ಪ