ಅಜ್ಜಿಯ ಕಥೆಗಳ ನೋಟ್‌ಬುಕ್ ವಾಪಸ್ ಕೊಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾಲ್ಕು ವರ್ಷದಿಂದ ಒಂದೇ ವಿಷಯಕ್ಕೆ ಅರ್ಜಿ ಕೊಡುತ್ತಿದ್ದೇನೆ. ಒಂದಕ್ಕೂ ಹಿಂಬರಹ ಬಂದಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕಲಬುರಗಿಯ ಸೂಫಿ ಸಂತ ಖಾಜಾ ಬಂದೇ ನವಾಜ್ ಅವರ ದರ್ಗಾದ ಬಗ್ಗೆ ಹಳಬರು ಹೇಳುವ ಕಥೆಗಳನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿ. ನಾನು ಕೇಳಿದ್ದು ಇಷ್ಟೇ. 1398ರಲ್ಲಿ ತೈಮೂರನ ದಾಳಿ ಹೊತ್ತಿಗೆ ಖಾಜಾ ದೆಹಲಿ ಬಿಟ್ಟರು, 1422ರಲ್ಲಿ ಇಲ್ಲೇ ತೀರಿಕೊಂಡರು ಅಂತ ಪುಸ್ತಕಗಳಲ್ಲಿ ಸಿಗುತ್ತದೆ. ನಮ್ಮ ಅಜ್ಜಿಗೆ ಇಸವಿ ಗೊತ್ತಿರಲಿಲ್ಲ, ಕೂದಲಿನ ಕಥೆ ಗೊತ್ತಿತ್ತು. ಗುರುಗಳ ಪಲ್ಲಕ್ಕಿ ಹೊರುವಾಗ ಖಾಜಾರ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆ. ನೋವು ನುಂಗಿಕೊಂಡು ನಡೆದರಂತೆ. ಗೇಸುದರಾಜ್, ಅಂದರೆ ಉದ್ದ ಕೂದಲಿನವರು ಅನ್ನೋ ಹೆಸರು ಹಾಗೆ ಬಂತು. ಇದನ್ನು ಹೇಳುವಾಗ ಅಜ್ಜಿ ತನ್ನ ತೆಳ್ಳನೆ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ತೋರಿಸುತ್ತಿದ್ದಳು.

ದರ್ಗಾ ಇರುವ ಜಾಗಕ್ಕೂ ಕಥೆ ಇದೆ. ಖಾಜಾ ಮೊದಲು ಕೋಟೆ ಹತ್ತಿರ ಇದ್ದರು. ಅವರನ್ನು ನೋಡಲು ಬರುವ ಜನ ಜಾಸ್ತಿಯಾದರು. ಬಹಮನಿ ಸುಲ್ತಾನ ಫಿರೋಜ್ ಶಹಾನಿಗೆ ಅದು ಸರಿಬರಲಿಲ್ಲ, ಬೇರೆ ಕಡೆ ಹೋಗಿ ಅಂದ. ಖಾಜಾ ಸುಮ್ನೆ ಎದ್ದು ಹೋದರು. ಹೋಗಿ ಕೂತಲ್ಲೇ ದರ್ಗಾ ಆಯಿತು. "ರಾಜ ಎಲ್ಲದಾನ ಈಗ? ಖಾಜಾನ ಹತ್ರ ನೋಡು, ಎಷ್ಟು ಮಂದಿ" ಅನ್ನುತ್ತಿದ್ದಳು ಅಜ್ಜಿ.

ಇಂಥ ಹದಿನಾರು ಕಥೆ, ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಒಂದಿಷ್ಟು ದಖನಿ ಭಾಷೆಯ ಹಾಡು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅರ್ಜಿ ಜೊತೆ ಅದೇ ಬೇಕು ಅಂದರು ಕಚೇರಿಯಲ್ಲಿ. ಜೆರಾಕ್ಸ್ ಮಾಡಿಸಿ ತರುತ್ತೇನೆ ಅಂದರೆ, ಸಾಹೇಬರು ಹೊರಟಿದ್ದಾರೆ, ಈಗಲೇ ಕೊಡಿ ಅಂದರು. ಆರು ತಿಂಗಳು ಬಿಟ್ಟು ಹೋದಾಗ ಅದು ಗುಮಾಸ್ತರ ಮೇಜಿನ ಮೇಲೆ, ಚಹಾ ಲೋಟಗಳ ಕೆಳಗಿತ್ತು. ರಟ್ಟಿನ ತುಂಬ ಒಂದರ ಮೇಲೊಂದು ದುಂಡನೆ ಕಲೆ. ಎತ್ತಿಕೊಳ್ಳಲು ಹೋದರೆ "ಅದು ಸರ್ಕಾರಿ ಕಡತ, ಮುಟ್ಟಬೇಡಿ" ಅಂದರು. ಮುಂದಿನ ಸಲ "ಅಂಥದ್ದು ಬಂದೇ ಇಲ್ಲ" ಅಂದರು. ಸೀಲು ಹಾಕಿದ ಸ್ವೀಕೃತಿ ನನ್ನ ಕೈಯಲ್ಲೇ ಇತ್ತು!

ಆಗ ಹೊಟ್ಟೆಯಲ್ಲಿ ಎದ್ದ ಸಂಕಟ ಇನ್ನೂ ಹೋಗಿಲ್ಲ. ಅಜ್ಜಿ ತೀರಿಕೊಂಡು ಎರಡು ವರ್ಷ ಆಯಿತು. ಮತ್ತೆ ಯಾರನ್ನು ಕೇಳಿ ಬರೆದುಕೊಳ್ಳಲಿ ನಾನು?

ಅರ್ಜಿಗೆ ಉತ್ತರ ಕೊಡಬೇಕು, ಕೊಟ್ಟ ಕಾಗದ ಜೋಪಾನ ಮಾಡಬೇಕು ಅನ್ನೋ ನಿಯಮ ನಿಮಗೆ ಗೊತ್ತೇ ಇದೆ. ಉರುಸಿಗೆ ಬಂದು ಚಾದರ ಹೊದಿಸುತ್ತೀರಿ, ಫೋಟೊ ಬರುತ್ತದೆ. ಆ ಖಾಜಾರ ಕಥೆಯ ಮೇಲೆ ಚಹಾ ಲೋಟ ಇಟ್ಟವರನ್ನು ಒಂದು ಮಾತು ಕೇಳುವುದಿಲ್ಲ ಅಂದರೆ ಹೇಗೆ ಸರ್?

ನೋಟ್‌ಬುಕ್ ಹುಡುಕಿಸಿ ಕೊಡಿ. ಕಥೆಗಳನ್ನು ರೆಕಾರ್ಡ್ ಮಾಡಿಸಿ. ನಮ್ಮ ಓಣಿಯಲ್ಲಿ ಇವನ್ನು ಬಲ್ಲ ಮೂವರು ಮುದುಕಿಯರು ಇನ್ನೂ ಇದ್ದಾರೆ. ಒಬ್ಬರಿಗೆ ಈಗಾಗಲೇ ಮಾತು ತೊದಲುತ್ತಿದೆ. ಈ ತಿಂಗಳೇ ಯಾರನ್ನಾದರೂ ಕಳಿಸಿ. ಮನೆ ನಾನು ತೋರಿಸುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ಮೊಮ್ಮಗಳು